ಶಿಕ್ಷಣ ಸಾಲದ ಅವಧಿಪೂರ್ವ ಮರುಪಾವತಿ

ಶಿಕ್ಷಣ ಸಾಲದ ಅವಧಿಪೂರ್ವ ಮರುಪಾವತಿ ಎಂದರೆ, ವಿದ್ಯಾಭ್ಯಾಸಕ್ಕಾಗಿ ಬ್ಯಾಂಕಿನಿಂದಾಗಲಿ ಇತರ ಹಣಕಾಸು ಸಂಸ್ಥೆಯಿಂದಾಗಲಿ ಪಡೆದ ಸಾಲವನ್ನು ಒಪ್ಪಂದದಲ್ಲಿ ಗೊತ್ತುಪಡಿಸಿದ ಕೊನೆಯ ಕಂತಿಗಿಂತ ಮೊದಲೇ ಪೂರ್ಣವಾಗಿಯೋ ಭಾಗಶಃವೋ ತೀರಿಸುವುದು. ಪೂರ್ಣವಾಗಿ ತೀರಿಸಿ ಖಾತೆಯನ್ನು ಮುಚ್ಚುವುದನ್ನು ಬ್ಯಾಂಕು ವ್ಯವಹಾರದಲ್ಲಿ ಪ್ರೀ-ಕ್ಲೋಷರ್ ಅಥವಾ ಫೋರ್‌ಕ್ಲೋಷರ್ ಎಂದೂ, ನಿಗದಿತ ಕಂತಿನ ಜೊತೆಗೆ ಆಗೀಗ ಹೆಚ್ಚಿನ ಮೊತ್ತ ಕಟ್ಟುವುದನ್ನು ಪಾರ್ಟ್ ಪೇಮೆಂಟ್ ಎಂದೂ ಕರೆಯುತ್ತಾರೆ. ಭಾರತದಲ್ಲಿ ವ್ಯಕ್ತಿಗಳು ಬದಲಾಗುವ ಬಡ್ಡಿದರದಲ್ಲಿ ಪಡೆದ ಶಿಕ್ಷಣ ಸಾಲವನ್ನು ಹೀಗೆ ತೀರಿಸಲು ಯಾವ ದಂಡವೂ ಇಲ್ಲ. ಆದುದರಿಂದ ಸಾಲಗಾರನ ಮುಂದಿರುವ ಪ್ರಶ್ನೆ ತೀರಿಸಬಹುದೇ ಎಂಬುದಲ್ಲ, ಕೈಗೆ ಬಂದ ಹಣವನ್ನು ಇದಕ್ಕೇ ಹಾಕಬೇಕೇ ಎಂಬುದು. ಸಾಲದ ಬಡ್ಡಿದರ, ಸಾಲ ಯಾವ ಹಂತದಲ್ಲಿದೆ ಎಂಬುದು, ಸಾಲಗಾರ ಆಯ್ದುಕೊಂಡ ತೆರಿಗೆ ಪದ್ಧತಿ, ಮನೆಯಲ್ಲಿರುವ ಇತರ ಸಾಲಗಳು, ಆಧಾರವಾಗಿ ಇರಿಸಿದ ಆಸ್ತಿ ಇವೆಲ್ಲವೂ ಈ ನಿರ್ಧಾರದಲ್ಲಿ ಸೇರುತ್ತವೆ.

ಹಿನ್ನೆಲೆ

ಇಂದು ಸಾರ್ವಜನಿಕ ವಲಯದ ಬ್ಯಾಂಕುಗಳು ಕೊಡುವ ಶಿಕ್ಷಣ ಸಾಲಗಳ ಚೌಕಟ್ಟು ರೂಪುಗೊಂಡದ್ದು 2001ರಲ್ಲಿ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ಕೆನರಾ ಬ್ಯಾಂಕಿನ ಅಂದಿನ ಅಧ್ಯಕ್ಷ ಆರ್. ಜೆ. ಕಾಮತ್ ಅವರ ನೇತೃತ್ವದ ಅಧ್ಯಯನ ತಂಡದ ವರದಿಯನ್ನು ಆಧರಿಸಿ ಭಾರತೀಯ ಬ್ಯಾಂಕುಗಳ ಸಂಘವು ಮಾದರಿ ಶಿಕ್ಷಣ ಸಾಲ ಯೋಜನೆಯನ್ನು ಸಿದ್ಧಪಡಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಅದನ್ನು ಜಾರಿಗೆ ತರುವಂತೆ ಬ್ಯಾಂಕುಗಳಿಗೆ ಸೂಚಿಸಿತು. ಮುಂದೆ ಹಲವು ಸಲ ಪರಿಷ್ಕರಣೆಗೊಂಡ ಈ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಆಧಾರ ಕೇಳುವಂತಿಲ್ಲ, 7.5 ಲಕ್ಷ ಮೀರಿದರೆ ಆಸ್ತಿಯನ್ನು ಆಧಾರವಾಗಿ ಕೊಡಬೇಕಾಗುತ್ತದೆ. ತಂದೆ ಅಥವಾ ತಾಯಿ ಸಾಮಾನ್ಯವಾಗಿ ಸಹ-ಸಾಲಗಾರರಾಗಿ ಸಹಿ ಹಾಕುತ್ತಾರೆ. ಓದಿನ ಅವಧಿ ಹಾಗೂ ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಈ ಕಾಲವನ್ನು ಮೊರಟೋರಿಯಂ ಅಥವಾ ಮರುಪಾವತಿಯ ಬಿಡುವು ಎನ್ನುತ್ತಾರೆ. ಅದು ಮುಗಿದ ಮೇಲೆ ಸಾಲ ತೀರಿಸಲು 15 ವರ್ಷಗಳವರೆಗೆ ಕಾಲಾವಕಾಶವಿದೆ.

ಈ ದೀರ್ಘಾವಧಿಯೇ ಅವಧಿಪೂರ್ವ ಮರುಪಾವತಿಯ ಪ್ರಶ್ನೆಯನ್ನು ಮುಂದಕ್ಕೆ ತಂದಿತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಪದವಿ ಮುಗಿಸಿದವರು ನಲವತ್ತರ ಹೊಸ್ತಿಲಿನವರೆಗೂ ಕಂತು ಕಟ್ಟುತ್ತಿರಬಹುದು. ಅಷ್ಟರಲ್ಲಿ ಮದುವೆ, ಮನೆ, ಮಕ್ಕಳ ಶಾಲೆ ಎಲ್ಲವೂ ಎದುರಾಗಿರುತ್ತವೆ. ಸಾಲದ ಬಗೆಗೆ ಸರ್ವಜ್ಞನ ತ್ರಿಪದಿಯನ್ನು ಶಾಲೆಯಲ್ಲಿಯೇ ಬಾಯಿಪಾಠ ಮಾಡಿದ ಸಮಾಜದಲ್ಲಿ ಮೊದಲ ಸಂಬಳದಿಂದಲೇ ಸಾಲ ಹರಿಯಬೇಕೆಂಬ ಒತ್ತಡ ಮನೆಯಲ್ಲಿ ಇರುವುದು ಸಹಜ. ಆ ಒತ್ತಡಕ್ಕೆ ಅರ್ಥವಿಲ್ಲವೆಂದಲ್ಲ. ಆದರೆ ಎಲ್ಲ ಸಾಲಗಳಿಗೂ ಅದು ಒಂದೇ ರೀತಿ ಹೊಂದುವುದಿಲ್ಲ.

ದಂಡದ ನಿಷೇಧ

ಬದಲಾಗುವ ಬಡ್ಡಿದರದ ಅವಧಿ ಸಾಲಗಳನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ಬ್ಯಾಂಕುಗಳು ದಂಡ ಅಥವಾ ಶುಲ್ಕ ವಿಧಿಸಬಾರದೆಂದು ರಿಸರ್ವ್ ಬ್ಯಾಂಕು 2014ರ ಮೇ 7ರಂದು ಆದೇಶಿಸಿತು. 2025ರ ಜುಲೈ 2ರಂದು ಹೊರಡಿಸಿದ ಸಮಗ್ರ ನಿರ್ದೇಶನವು 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣಗೊಳ್ಳುವ ಸಾಲಗಳಿಗೆ ಅನ್ವಯಿಸುತ್ತದೆ. ಅದರ ಪ್ರಕಾರ, ವ್ಯಾಪಾರೇತರ ಉದ್ದೇಶಕ್ಕೆ ವ್ಯಕ್ತಿಗಳು ಪಡೆದ ಬದಲಾಗುವ ದರದ ಸಾಲವನ್ನು ಯಾವ ಮೂಲದ ಹಣದಿಂದ ತೀರಿಸಿದರೂ ಶುಲ್ಕ ಕೇಳುವಂತಿಲ್ಲ. ಇಷ್ಟು ತಿಂಗಳು ಕಾಯಲೇಬೇಕೆಂಬ ಷರತ್ತನ್ನೂ ಹಾಕುವಂತಿಲ್ಲ. ಸ್ಥಿರ ಬಡ್ಡಿದರದ ಸಾಲಗಳಿಗೆ ಈ ರಕ್ಷಣೆ ಇದೇ ರೀತಿ ದೊರೆಯುವುದಿಲ್ಲವಾದ್ದರಿಂದ ಅಂಥವರು ಸಾಲದ ಒಪ್ಪಂದವನ್ನು ಓದಿ ನೋಡಬೇಕು.

ಬಡ್ಡಿಯ ಲೆಕ್ಕ

ಇಎಂಐ ಎಂದೇ ಜನಬಳಕೆಯಲ್ಲಿರುವ ಮಾಸಿಕ ಸಮಾನ ಕಂತಿನಲ್ಲಿ ಬಡ್ಡಿ ಮತ್ತು ಅಸಲು ಎರಡೂ ಬೆರೆತಿರುತ್ತವೆ. ಪ್ರತಿ ತಿಂಗಳು ಬಾಕಿ ಅಸಲಿನ ಮೇಲಿನ ಬಡ್ಡಿಯನ್ನು ಮೊದಲು ಮುರಿದುಕೊಂಡು, ಉಳಿದದ್ದನ್ನು ಅಸಲಿಗೆ ಜಮಾ ಮಾಡಲಾಗುತ್ತದೆ. ಉದಾಹರಣೆಗೆ 6,00,000 ರೂ. ಸಾಲ, ವಾರ್ಷಿಕ ಶೇ. 10 ಬಡ್ಡಿ, 120 ತಿಂಗಳ ಅವಧಿ ಎಂದಿಟ್ಟುಕೊಂಡರೆ ಮಾಸಿಕ ಕಂತು ಸುಮಾರು 7,929 ರೂ. ಆಗುತ್ತದೆ. ಮೊದಲ ಕಂತಿನಲ್ಲಿ 5,000 ರೂ. ಬಡ್ಡಿಗೇ ಹೋಗಿ, 2,929 ರೂ. ಮಾತ್ರ ಅಸಲಿಗೆ ಸೇರುತ್ತದೆ. ಐದು ವರ್ಷ ಒಂದು ಕಂತೂ ತಪ್ಪದೆ ಕಟ್ಟಿದ ಮೇಲೂ ಸುಮಾರು 3,73,000 ರೂ. ಅಸಲು ಉಳಿದಿರುತ್ತದೆ. ಅರ್ಧ ಕಾಲ ಕಳೆದರೆ ಅರ್ಧ ಸಾಲ ತೀರಿತೆಂದು ಭಾವಿಸಿದವರು ಪಾಸ್‌ಬುಕ್ ನೋಡಿ ಗಾಬರಿಯಾಗುವುದು ಇದರಿಂದಲೇ. ಹತ್ತು ವರ್ಷಗಳಲ್ಲಿ ಕಟ್ಟುವ ಒಟ್ಟು ಮೊತ್ತ ಸುಮಾರು 9,51,500 ರೂ.; ಅದರಲ್ಲಿ ಬಡ್ಡಿ 3,51,500 ರೂ.

ಇದೇ ಸಾಲದಲ್ಲಿ ಮೊದಲ ವರ್ಷದ 12 ಕಂತುಗಳ ಅನಂತರ 1,00,000 ರೂ. ಹೆಚ್ಚುವರಿಯಾಗಿ ಕಟ್ಟಿದರೆ ಏನಾಗುತ್ತದೆ ಎಂಬುದು, ಬ್ಯಾಂಕು ಆ ಹಣವನ್ನು ಹೇಗೆ ಹೊಂದಿಸುತ್ತದೆ ಎಂಬುದನ್ನು ಅವಲಂಬಿಸಿದೆ. ಕಂತಿನ ಮೊತ್ತವನ್ನು ಹಾಗೆಯೇ ಉಳಿಸಿ ಅವಧಿಯನ್ನು ಇಳಿಸಿದರೆ, ಉಳಿದ 108 ಕಂತುಗಳ ಬದಲು 81 ಕಂತುಗಳಲ್ಲಿ ಸಾಲ ಮುಗಿದು ಸುಮಾರು 1,19,000 ರೂ. ಬಡ್ಡಿ ಉಳಿಯುತ್ತದೆ. ಅವಧಿಯನ್ನು ಹಾಗೆಯೇ ಉಳಿಸಿ ಕಂತನ್ನು ಇಳಿಸಿದರೆ, ತಿಂಗಳ ಕಂತು ಸುಮಾರು 6,521 ರೂ.ಗೆ ತಗ್ಗುತ್ತದೆ, ಆದರೆ ಉಳಿಯುವ ಬಡ್ಡಿ ಸುಮಾರು 52,000 ರೂ. ಮಾತ್ರ. ಒಂದೇ ಒಂದು ಲಕ್ಷ ರೂಪಾಯಿಯ ಫಲದಲ್ಲಿ ಇಷ್ಟು ಅಂತರವಿರುವುದರಿಂದ, ಹಣ ಕಟ್ಟುವಾಗಲೇ ಯಾವುದು ಬೇಕೆಂದು ಲಿಖಿತವಾಗಿ ತಿಳಿಸುವುದು ಅಗತ್ಯ. ಸಂಬಳ ಖಚಿತವಿಲ್ಲದವರು ಮಧ್ಯಮ ಮಾರ್ಗವೊಂದನ್ನು ಹಿಡಿಯಬಹುದು. ಕಂತನ್ನು ಇಳಿಸಿಕೊಂಡು, ಹಳೆಯ ಕಂತಿಗೂ ಹೊಸದಕ್ಕೂ ಇರುವ 1,408 ರೂ. ವ್ಯತ್ಯಾಸವನ್ನು ಸಾಧ್ಯವಾದ ತಿಂಗಳುಗಳಲ್ಲಿ ಅಸಲಿಗೆ ತಾವಾಗಿಯೇ ಕಟ್ಟುತ್ತಾ ಹೋಗಬಹುದು. ಪ್ರತಿ ತಿಂಗಳೂ ಕಟ್ಟಿದರೆ ಅವಧಿ ಇಳಿಸಿದಷ್ಟೇ ಉಳಿತಾಯವಾಗುತ್ತದೆ. ಕಟ್ಟಲಾಗದ ತಿಂಗಳಿನಲ್ಲಿ ಸುಸ್ತಿದಾರರಾಗುವ ಭಯವೂ ಇರುವುದಿಲ್ಲ.

ಸಾಲದ ಆರಂಭದಲ್ಲಿ ತೀರಿಸಿದರೆ ಮಾತ್ರ ಲಾಭ, ಕೊನೆಕೊನೆಗೆ ತೀರಿಸಿದರೆ ವ್ಯರ್ಥ ಎಂಬ ಮಾತು ವ್ಯಾಪಕವಾಗಿ ಪ್ರಚಲಿತದಲ್ಲಿದೆ. ಮೇಲಿನ ಸಾಲದಲ್ಲಿಯೇ ಏಳು ವರ್ಷಗಳ ಅನಂತರ ಒಂದು ಲಕ್ಷ ಕಟ್ಟಿ ಅವಧಿ ಇಳಿಸಿಕೊಂಡರೆ ಉಳಿಯುವುದು ಸುಮಾರು 26,600 ರೂ. ಮಾತ್ರವಾದ್ದರಿಂದ ಈ ಮಾತು ನಿಜವೆಂಬಂತೆ ತೋರುತ್ತದೆ. ಆದರೆ ಇದು ಅರ್ಧಸತ್ಯ. ಮೊದಲ ವರ್ಷದ ಕೊನೆಯಲ್ಲಿ ಕಟ್ಟಿದ ಲಕ್ಷವು ಆರೇಳು ವರ್ಷಗಳಿಗೂ ಹೆಚ್ಚು ಕಾಲ ಸಾಲದಲ್ಲಿ ತೊಡಗಿರುತ್ತದೆ. ಏಳನೆಯ ವರ್ಷದ ಕೊನೆಯಲ್ಲಿ ಕಟ್ಟಿದ್ದು ಎರಡು ವರ್ಷಗಳ ಆಸುಪಾಸು. ಉಳಿತಾಯದ ಮೊತ್ತ ಬೇರೆಯಾಗಲು ಕಾರಣ ಕಾಲವೇ ಹೊರತು ದರವಲ್ಲ. ಬಾಕಿ ಇರುವ ಯಾವುದೇ ರೂಪಾಯಿಯನ್ನು ಯಾವುದೇ ದಿನ ತೀರಿಸಿದರೂ ಅಂದಿನಿಂದ ಅದರ ಮೇಲೆ ಉಳಿಯುವುದು ವರ್ಷಕ್ಕೆ ಶೇ. 10 ಮಾತ್ರ, ಮೊದಲ ತಿಂಗಳಿನಲ್ಲಿಯೂ ಅಷ್ಟೇ, ಕೊನೆಯ ವರ್ಷದಲ್ಲಿಯೂ ಅಷ್ಟೇ. ಹಾಗಾಗಿ ಹೋಲಿಕೆ ನಡೆಯಬೇಕಾದದ್ದು ಸಾಲದ ಬಡ್ಡಿದರಕ್ಕೂ ಆ ಹಣ ಬೇರೆಡೆ ತರಬಲ್ಲ ದರಕ್ಕೂ ನಡುವೆ. ‘ಇಷ್ಟು ಲಕ್ಷ ಬಡ್ಡಿ ಉಳಿಯಿತು’ ಎಂಬ ಒಟ್ಟು ಮೊತ್ತವನ್ನು ಹಿಡಿದು ಅಲ್ಲ.

ಬಡ್ಡಿದರವೂ ನಿಂತಲ್ಲಿ ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕಿನ ರೆಪೊ ದರ 2022ರ ಮೇ ತಿಂಗಳ ಏರಿಕೆಗೆ ಮೊದಲು ಶೇ. 4 ಇದ್ದದ್ದು 2023ರ ಫೆಬ್ರವರಿಯ ವೇಳೆಗೆ ಶೇ. 6.5ಕ್ಕೆ ತಲುಪಿತು. ಇಂಥ ಏರಿಕೆಯಾದಾಗ ಬ್ಯಾಂಕುಗಳು ಅನೇಕ ವೇಳೆ ಕಂತಿನ ಮೊತ್ತವನ್ನು ಮುಟ್ಟದೆ ಅವಧಿಯನ್ನು ಉದ್ದಗೊಳಿಸುತ್ತವೆ. ಸಾಲಗಾರನ ಖಾತೆಯಿಂದ ಹೋಗುವ ಹಣ ಅಷ್ಟೇ ಇರುವುದರಿಂದ ಬದಲಾವಣೆ ಅವನ ಗಮನಕ್ಕೇ ಬಾರದೆ ಉಳಿಯಬಹುದು. ಶೇ. 7.5ರ ದರದಲ್ಲಿ 120 ಕಂತುಗಳಿಗೆ ಗೊತ್ತುಪಡಿಸಿದ 6 ಲಕ್ಷದ ಸಾಲ, ಆರಂಭದಲ್ಲಿಯೇ ಶೇ. 10ಕ್ಕೆ ಏರಿದರೆ ಅದೇ ಕಂತಿನಲ್ಲಿ ಮುಗಿಯಲು 146 ತಿಂಗಳು ಬೇಕು. 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು, ದರ ಬದಲಾದಾಗ ಕಂತು ಏರಿಸುವ, ಅವಧಿ ವಿಸ್ತರಿಸುವ, ಸ್ಥಿರ ದರಕ್ಕೆ ಹೋಗುವ ಹಾಗೂ ಯಾವಾಗ ಬೇಕಾದರೂ ಭಾಗಶಃ ಅಥವಾ ಪೂರ್ಣವಾಗಿ ತೀರಿಸುವ ಆಯ್ಕೆಗಳನ್ನು ಸಾಲಗಾರನಿಗೆ ತಿಳಿಸಬೇಕೆಂದು ವಿಧಿಸಿತು. ದರ ಏರಿದ ವರ್ಷ ಭಾಗಶಃ ಮರುಪಾವತಿಗೆ ಸೂಕ್ತ ಕಾಲ. ಅವಧಿ ಎಷ್ಟು ಬೆಳೆದಿದೆ ಎಂಬುದನ್ನು ಆಗಲೇ ಕೇಳಿ ತಿಳಿದುಕೊಳ್ಳಬೇಕು.

ಓದಿನ ಅವಧಿಯಲ್ಲಿ ಕಟ್ಟುವುದು

ಮರುಪಾವತಿಯ ಬಿಡುವಿನಲ್ಲಿ ಕಂತು ಇಲ್ಲವೆಂದ ಮಾತ್ರಕ್ಕೆ ಬಡ್ಡಿ ಇಲ್ಲವೆಂದಲ್ಲ. ಮಾದರಿ ಯೋಜನೆಯಲ್ಲಿ ಈ ಅವಧಿಗೆ ಸರಳ ಬಡ್ಡಿ ಬೀಳುತ್ತದೆ. ಬಿಡುವು ಮುಗಿದ ದಿನ ಅದು ಅಸಲಿಗೆ ಸೇರಿ, ಅಂದಿನಿಂದ ಬಡ್ಡಿಯ ಮೇಲೆ ಬಡ್ಡಿ ಓಡತೊಡಗುತ್ತದೆ. ನಾಲ್ಕು ವರ್ಷಗಳ ಎಂಜಿನಿಯರಿಂಗ್ ಓದಿಗೆ ಪ್ರತಿ ವರ್ಷಾರಂಭದಲ್ಲಿ 1,50,000 ರೂ.ನಂತೆ ಪಡೆದ 6 ಲಕ್ಷಕ್ಕೆ ಶೇ. 10ರ ದರದಲ್ಲಿ, ಓದು ಮತ್ತು ಮುಂದಿನ ಒಂದು ವರ್ಷ ಸೇರಿ 2,10,000 ರೂ. ಬಡ್ಡಿಯಾಗುತ್ತದೆ. ಏನನ್ನೂ ಕಟ್ಟದಿದ್ದರೆ ಸಾಲ 8,10,000 ರೂ.ನಿಂದ ಆರಂಭವಾಗಿ, ಹತ್ತು ವರ್ಷಗಳ ಕಂತು 7,929ರ ಬದಲು 10,704 ರೂ. ಆಗುತ್ತದೆ. ಕಂತುಗಳಲ್ಲಿ ಒಟ್ಟು ವ್ಯತ್ಯಾಸ ಸುಮಾರು 3,33,000 ರೂ.

ಆ ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟುವುದಾದರೆ ಮೊದಲ ವರ್ಷ ತಿಂಗಳಿಗೆ 1,250 ರೂ., ಎರಡನೆಯ ವರ್ಷ 2,500 ರೂ., ಮೂರನೆಯ ವರ್ಷ 3,750 ರೂ., ಆಮೇಲೆ 5,000 ರೂ. ಬೇಕು. ಸಂಬಳದಾರ ತಂದೆತಾಯಿಗಳಿಗೆ ಇದು ಅಸಾಧ್ಯವಲ್ಲ. ಹೀಗೆ ಓದಿನ ಅವಧಿಯ ಬಡ್ಡಿಯನ್ನು ತಪ್ಪದೆ ಕಟ್ಟಿದವರಿಗೆ ಬಡ್ಡಿದರದಲ್ಲಿ ಶೇ. 1ರ ರಿಯಾಯಿತಿ ಕೊಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ರಿಯಾಯಿತಿ ಇಲ್ಲದ ಸಾಲದಲ್ಲಿ ಮಾತ್ರ ಸೂಕ್ಷ್ಮವೊಂದಿದೆ. ಸರಳ ಬಡ್ಡಿಯ ಬಾಕಿಯ ಮೇಲೆ ಮತ್ತೆ ಬಡ್ಡಿ ಬೀಳುವುದಿಲ್ಲವಾದ್ದರಿಂದ, ಅದೇ ಮೊತ್ತವನ್ನು ಆರ್.ಡಿ. ಖಾತೆಯಲ್ಲಿ ಕೂಡಿಹಾಕಿ, ಬಿಡುವು ಮುಗಿಯುವ ಮೊದಲು ಒಟ್ಟಾಗಿ ಕಟ್ಟಿದರೂ ಸಾಲದ ಲೆಕ್ಕದಲ್ಲಿ ನಷ್ಟವಿಲ್ಲ, ಆರ್.ಡಿ.ಯ ಬಡ್ಡಿ ಮನೆಯಲ್ಲಿಯೇ ಉಳಿಯುತ್ತದೆ. ನಡುವೆ ಆಸ್ಪತ್ರೆಯ ಖರ್ಚು ಬಂದರೆ ಹಣ ಕೈಗೆ ಸಿಗುತ್ತದೆ. ಆದರೆ ಗಡುವನ್ನು ಒಂದು ತಿಂಗಳು ಮರೆತರೂ ಬಡ್ಡಿ ಅಸಲಿಗೆ ಸೇರಿಹೋಗುತ್ತದೆ ಎಂಬುದನ್ನು ನೆನಪಿಡಬೇಕು. ಬ್ಯಾಂಕೇತರ ಹಣಕಾಸು ಸಂಸ್ಥೆಗಳ ಕರಾರುಗಳು ಬೇರೆಯಾಗಿರಬಹುದು. ಕೆಲವು ಸಂಸ್ಥೆಗಳು ಓದಿನ ಅವಧಿಯಲ್ಲಿಯೇ ಬಡ್ಡಿಯನ್ನು ಪೂರ್ಣವಾಗಿಯೋ ಭಾಗಶಃವೋ ಕೇಳುತ್ತವೆ.

ಬಡ್ಡಿ ಸಹಾಯಧನ ಪಡೆಯುವ ಕುಟುಂಬಗಳ ವಿಚಾರ ಇದಕ್ಕೆ ತದ್ವಿರುದ್ಧ. 2009-10ರ ಶೈಕ್ಷಣಿಕ ವರ್ಷದಿಂದ ಜಾರಿಯಲ್ಲಿರುವ, ಕೆನರಾ ಬ್ಯಾಂಕು ನೋಡಲ್ ಬ್ಯಾಂಕಾಗಿರುವ ಕೇಂದ್ರ ಯೋಜನೆಯಲ್ಲಿ, ವಾರ್ಷಿಕ ಆದಾಯ 4.5 ಲಕ್ಷ ರೂ. ಮೀರದ ಕುಟುಂಬದ ವಿದ್ಯಾರ್ಥಿಗಳು ಭಾರತದಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಶಿಕ್ಷಣ ಪಡೆಯುವಾಗ ಬಿಡುವಿನ ಅವಧಿಯ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಪಡೆದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 8 ಲಕ್ಷ ರೂ.ವರೆಗಿನ ಆದಾಯದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಇದೇ ಅವಧಿಗೆ ಶೇ. 3ರ ಬಡ್ಡಿ ನೆರವಿದೆ. ಪೂರ್ಣ ಸಹಾಯಧನಕ್ಕೆ ಅರ್ಹರಾದ ಮನೆಯವರು ಕೈಸಾಲ ಮಾಡಿ ಓದಿನ ನಡುವೆ ಶಿಕ್ಷಣ ಸಾಲ ಕಟ್ಟಿದರೆ, ಸರ್ಕಾರ ಕೊಡಬೇಕಾದುದನ್ನು ತಾವು ಹೆಚ್ಚಿನ ಬಡ್ಡಿಗೆ ತಂದು ಕೊಟ್ಟಂತೆ. ಕರ್ನಾಟಕದಲ್ಲಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಹಾಗೂ ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಗಳು ಕೊಡುವ ‘ಅರಿವು’ ಸಾಲಕ್ಕೆ ಶೇ. 2ರ ದರವಷ್ಟೇ ಇದೆ. ಸಾಮಾನ್ಯ ಠೇವಣಿಯ ಬಡ್ಡಿಯೂ ಇದಕ್ಕಿಂತ ಹೆಚ್ಚು. ಹಾಗಾಗಿ ಗಡುವಿಗೆ ಸರಿಯಾಗಿ ಕಟ್ಟುವುದು ಮುಖ್ಯವೇ ಹೊರತು, ಮುಂಚೆಯೇ ತೀರಿಸಲು ಆತುರಪಡಬೇಕಾದ ಸಾಲ ಇದಲ್ಲ.

ಆದಾಯ ತೆರಿಗೆ

1961ರ ಆದಾಯ ತೆರಿಗೆ ಕಾಯ್ದೆಯ 80ಇ ಕಲಮಿನಂತೆ ಉನ್ನತ ಶಿಕ್ಷಣದ ಸಾಲಕ್ಕೆ ಕಟ್ಟಿದ ಬಡ್ಡಿಯನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಬಹುದು. 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರೇ ಇದೆ. ಈ ವಿನಾಯಿತಿಗೆ ಮೊತ್ತದ ಮಿತಿಯಿಲ್ಲ, ಆದರೆ ಅಸಲಿಗೆ ಇದು ಅನ್ವಯಿಸುವುದಿಲ್ಲ. ಬಡ್ಡಿ ಕಟ್ಟಲು ಆರಂಭಿಸಿದ ವರ್ಷ ಮತ್ತು ಮುಂದಿನ ಏಳು ವರ್ಷ, ಒಟ್ಟು ಎಂಟು ವರ್ಷಗಳಿಗೆ ಮಾತ್ರ ದೊರೆಯುತ್ತದೆ. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವವರಿಗೆ ಇದು ಇಲ್ಲವೇ ಇಲ್ಲ. 2023-24ರ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯೇ ಸಹಜ ಆಯ್ಕೆಯಾಗಿರುವುದರಿಂದ, ‘ತೆರಿಗೆ ಉಳಿಯುತ್ತದೆ, ಸಾಲ ಇರಲಿ’ ಎನ್ನುವವರಲ್ಲಿ ಎಷ್ಟೋ ಮಂದಿಗೆ ಆ ತೆರಿಗೆ ಉಳಿಯುತ್ತಲೇ ಇರುವುದಿಲ್ಲ.

ಹಳೆಯ ಪದ್ಧತಿಯಲ್ಲಿ ಉಳಿದು ಶೇ. 30ರ ಹಂತದಲ್ಲಿ ತೆರಿಗೆ ಕಟ್ಟುವವರಿಗೆ ಸೆಸ್ ಸೇರಿ ಪ್ರತಿ 100 ರೂ. ಬಡ್ಡಿಗೆ 31.20 ರೂ. ತೆರಿಗೆ ಉಳಿಯುತ್ತದೆ. ಉಳಿದ 68.80 ರೂ. ಕೈಬಿಟ್ಟು ಹೋದದ್ದೇ. ಅಂದರೆ ಶೇ. 10ರ ಸಾಲದ ನಿಜವಾದ ದರ ಶೇ. 6.88. ಶೇ. 7ರ ಬ್ಯಾಂಕು ಠೇವಣಿಯ ಬಡ್ಡಿಗೂ ಅದೇ ಹಂತದಲ್ಲಿ ತೆರಿಗೆ ಬೀಳುವುದರಿಂದ ಕೈಗೆ ಬರುವುದು ಶೇ. 4.8ರಷ್ಟು ಮಾತ್ರ. ಹಾಗಾಗಿ ವಿನಾಯಿತಿ ಇದ್ದರೂ, ಹಣವನ್ನು ಠೇವಣಿಯಲ್ಲಿ ಇಟ್ಟು ಸಾಲವನ್ನು ಎಳೆಯುವುದರಲ್ಲಿ ಲಾಭವಿಲ್ಲ. 2020ರ ಏಪ್ರಿಲ್‌ನಲ್ಲಿ ಶೇ. 7.1ಕ್ಕೆ ನಿಗದಿಯಾದ, ತೆರಿಗೆಯಿಲ್ಲದ ಸಾರ್ವಜನಿಕ ಭವಿಷ್ಯ ನಿಧಿಯ ಬಡ್ಡಿಯೊಂದಿಗೆ ಹೋಲಿಸಿದರೆ ಮಾತ್ರ ಎರಡೂ ಹೆಚ್ಚುಕಡಿಮೆ ಸಮವಾಗುತ್ತವೆ. ಆ ನಿಧಿಯ ಹಣ 15 ವರ್ಷ ಬಂಧಿಯಾಗಿರುತ್ತದೆ ಎಂಬುದನ್ನೂ ತೂಗಬೇಕು. ವಿನಾಯಿತಿಯ ಎಂಟು ವರ್ಷ ಮುಗಿದ ಮೇಲೆ ಸಾಲದ ದರ ಪೂರ್ಣವಾಗಿ ತಲೆಯ ಮೇಲೆ ಬೀಳುವುದರಿಂದ, ಉಳಿದ ಬಾಕಿಯನ್ನು ತೀರಿಸಲು ಅದು ಸಹಜವಾದ ಗಡಿ. ಸಂಪಾದನೆಯಿಲ್ಲದ ವಿದ್ಯಾರ್ಥಿಯೇ ಓದಿನ ಕಾಲದಲ್ಲಿ ಬಡ್ಡಿ ಕಟ್ಟಲು ಆರಂಭಿಸಿದರೆ ಎಂಟು ವರ್ಷಗಳ ಎಣಿಕೆ ಅಂದಿನಿಂದಲೇ ಶುರುವಾಗಿ, ತೆರಿಗೆ ಕಟ್ಟುವ ವರ್ಷಗಳು ಬರುವಷ್ಟರಲ್ಲಿ ಅರ್ಧ ಕಳೆದುಹೋಗಿರಬಹುದು.

ಕೈಯಲ್ಲಿರುವ ಹಣದ ಸರದಿ

ಅವಧಿ ಸಾಲಕ್ಕೆ ಕಟ್ಟಿದ ಹಣವನ್ನು ಮರಳಿ ಪಡೆಯಲಾಗುವುದಿಲ್ಲ. ಅವಧಿಪೂರ್ವ ಮರುಪಾವತಿಯ ಅತಿ ದೊಡ್ಡ ಅಪಾಯ ಇದೇ, ಮತ್ತು ಕಂತಿನ ಕೋಷ್ಟಕಗಳಲ್ಲಿ ಕಾಣಿಸದ ಅಪಾಯವೂ ಇದೇ. ಉಳಿತಾಯವನ್ನೆಲ್ಲ ಒಮ್ಮೆಗೇ ಕಟ್ಟಿ ಬಾಕಿಯನ್ನು ಅರ್ಧಕ್ಕೆ ಇಳಿಸಿಕೊಂಡ ಉದ್ಯೋಗಿ ಮರುತಿಂಗಳು ಕೆಲಸ ಕಳೆದುಕೊಂಡರೆ, ಹಿಂದೆ ಹೆಚ್ಚಾಗಿ ಕಟ್ಟಿದ್ದಾನೆಂದು ಮುಂದಿನ ಕಂತು ತಾನಾಗಿ ಮಾಫಿಯಾಗುವುದಿಲ್ಲ. ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ಅನುತ್ಪಾದಕ ಆಸ್ತಿಯ ವರ್ಗಕ್ಕೆ ಸೇರುತ್ತದೆ. ಆದುದರಿಂದ ಕಂತು ಸೇರಿದಂತೆ ಕನಿಷ್ಠ ಆರು ತಿಂಗಳ ಮನೆಖರ್ಚು, ಮನೆಯ ಹಿರಿಯರನ್ನೂ ಒಳಗೊಂಡ ಆರೋಗ್ಯ ವಿಮೆ, ಇವೆರಡೂ ಇಲ್ಲದ ಮನೆಯಲ್ಲಿ ಮುಂಗಡ ಪಾವತಿಯ ಮಾತು ಎತ್ತುವುದು ವಿವೇಕವಲ್ಲ.

ಅದಾದ ಮೇಲೆ ಬರುವುದು ಹೆಚ್ಚು ಬಡ್ಡಿಯ ಇತರ ಸಾಲಗಳು. ಶಿಕ್ಷಣ ಸಾಲ ಪಡೆದ ಎಷ್ಟೋ ಕುಟುಂಬಗಳಲ್ಲಿ ಅದೊಂದೇ ಸಾಲವಾಗಿರುವುದಿಲ್ಲ. ಪ್ರವೇಶ ಶುಲ್ಕಕ್ಕೆ ಬ್ಯಾಂಕಿನ ಹಣ ಬರುವುದು ತಡವಾದಾಗ ಪರಿಚಯಸ್ಥರಿಂದ ‘ನೂರಕ್ಕೆ ಎರಡು ರೂಪಾಯಿ’ ಬಡ್ಡಿಗೆ ತಂದ ಕೈಸಾಲ, ಅಡವಿಟ್ಟ ಒಡವೆ, ಎತ್ತಿದ ಚೀಟಿಯ ಕಂತು ಜೊತೆಗಿರುತ್ತವೆ. ನೂರಕ್ಕೆ ಎರಡು ರೂಪಾಯಿ ಎಂದರೆ ತಿಂಗಳಿಗೆ ಶೇ. 2, ವರ್ಷಕ್ಕೆ ಶೇ. 24. ಕ್ರೆಡಿಟ್ ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ. 36ನ್ನೂ ಮೀರುವುದುಂಟು. ಇವನ್ನು ಹಾಗೆಯೇ ಇಟ್ಟು, ಬ್ಯಾಂಕಿನಿಂದ ಪತ್ರ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಶೇ. 10ರ ಶಿಕ್ಷಣ ಸಾಲವನ್ನು ಮೊದಲು ತೀರಿಸುವುದು ಲೆಕ್ಕಕ್ಕೆ ವಿರುದ್ಧ.

ಷೇರುಪೇಟೆ ಅಥವಾ ಮ್ಯೂಚುವಲ್ ಫಂಡಿನಲ್ಲಿ ಸಾಲದ ದರಕ್ಕಿಂತ ಹೆಚ್ಚು ಗಳಿಸಬಹುದೆಂಬ ವಾದವೂ ಉಂಟು. ದೀರ್ಘಾವಧಿಯಲ್ಲಿ ಅದು ನಿಜವಾಗಬಹುದು. ಆದರೆ ಸಾಲ ತೀರಿಸಿದಾಗ ಉಳಿಯುವ ಬಡ್ಡಿ ಖಚಿತ, ಪೇಟೆಯ ಗಳಿಕೆ ಖಚಿತವಲ್ಲ, ಶೇ. 10ರ ಖಚಿತ ಪ್ರತಿಫಲ ಕೊಡುವ ಹೂಡಿಕೆ ಪೇಟೆಯಲ್ಲಿ ಸಿಗುವುದಿಲ್ಲ. ಸಾಲದ ದರ ಶೇ. 8ರ ಕೆಳಗಿದ್ದು ನೌಕರಿ ಭದ್ರವಾಗಿರುವವರಿಗೆ ಈ ವಾದ ಸ್ವಲ್ಪ ಮಟ್ಟಿಗೆ ಒಪ್ಪುತ್ತದೆ. ಬ್ಯಾಂಕೇತರ ಸಂಸ್ಥೆಗಳಿಂದ ಶೇ. 12, 13ರ ದರದಲ್ಲಿ ಸಾಲ ಪಡೆದವರಿಗೆ ಒಪ್ಪುವುದಿಲ್ಲ. ಅಂಥವರು ಕಡಿಮೆ ದರದ ಬ್ಯಾಂಕಿಗೆ ಸಾಲವನ್ನು ವರ್ಗಾಯಿಸಿಕೊಳ್ಳುವ ದಾರಿಯನ್ನೂ ನೋಡಬೇಕು.

ಆಧಾರ ಮತ್ತು ಜಾಮೀನು

ಕುಟುಂಬದ ಮನೆ ಅಥವಾ ಜಮೀನು ಸಾಲಕ್ಕೆ ಆಧಾರವಾಗಿದ್ದರೆ ನಿರ್ಧಾರದ ಸ್ವರೂಪವೇ ಬೇರೆಯಾಗುತ್ತದೆ. ಇಲ್ಲಿ ಸಾಲ ಮಗನದೋ ಮಗಳದೋ ಆದರೂ ಅಪಾಯ ತಂದೆತಾಯಿಗಳದು. ಸಹ-ಸಾಲಗಾರರಾದ ತಂದೆ ನಿವೃತ್ತಿಯ ಅಂಚಿನಲ್ಲಿದ್ದರೆ, ಸಾಲ ಬಾಕಿ ಇರುವವರೆಗೆ ಅವರ ಸಾಲದ ವರದಿಯಲ್ಲಿಯೂ ಅದು ಕಾಣಿಸುತ್ತಿರುತ್ತದೆ. ಆಧಾರವಾಗಿರುವ ಮನೆಯ ಮೇಲೆ ಮತ್ತೊಬ್ಬ ಮಗಳ ಓದಿಗಾಗಲಿ ಚಿಕಿತ್ಸೆಗಾಗಲಿ ಸಾಲ ಎತ್ತುವುದು ಕಷ್ಟ. ಅಣ್ಣತಮ್ಮಂದಿರ ಪಾಲುಪಟ್ಟಿಯೂ ಈ ಕಾರಣಕ್ಕೆ ನಿಂತುಹೋಗುವುದುಂಟು. ದರದ ಲೆಕ್ಕದಲ್ಲಿ ಸಾಲವನ್ನು ಮುಂದುವರಿಸುವುದು ಲಾಭವೆಂದು ಕಂಡರೂ, ಇಂಥ ಸಂದರ್ಭಗಳಲ್ಲಿ ಬೇಗ ತೀರಿಸಿ ಪತ್ರಗಳನ್ನು ಬಿಡಿಸಿಕೊಳ್ಳುವುದಕ್ಕೆ ಗಟ್ಟಿಯಾದ ಕಾರಣವಿದೆ. ಆದರೆ ತಂದೆತಾಯಿಗಳು ತಮ್ಮ ಗ್ರಾಚ್ಯುಟಿ ಅಥವಾ ಭವಿಷ್ಯ ನಿಧಿಯ ಹಣವನ್ನೇ ತೆಗೆದು ಮಕ್ಕಳ ಸಾಲ ತೀರಿಸುವ ರೂಢಿ ಎಚ್ಚರಿಕೆಯಿಂದ ನೋಡಬೇಕಾದದ್ದು. ಮಕ್ಕಳಿಗೆ ಸಾಲ ತೀರಿಸಲು ಮುಂದೆ ಹತ್ತಾರು ವರ್ಷಗಳ ದುಡಿಮೆ ಇದೆ. ನಿವೃತ್ತರಿಗೆ ಆ ಇಡುಗಂಟನ್ನು ಮತ್ತೆ ಕೂಡಿಸಲು ಕಾಲವಿಲ್ಲ.

ವಿದೇಶದಲ್ಲಿ ದುಡಿಯುವವರು

ಅಮೆರಿಕ, ಜರ್ಮನಿ, ಐರ್ಲೆಂಡ್ ಮೊದಲಾದ ದೇಶಗಳಿಗೆ ರೂಪಾಯಿ ಸಾಲದಲ್ಲಿ ಓದಲು ಹೋಗಿ ಅಲ್ಲಿಯೇ ದುಡಿಯುವ ಕನ್ನಡಿಗರಿಗೆ ವಿನಿಮಯ ದರವೂ ಲೆಕ್ಕಕ್ಕೆ ಬರುತ್ತದೆ. 2022ರಲ್ಲಿ ಡಾಲರಿನ ಬೆಲೆ ಮೊದಲ ಬಾರಿಗೆ 80 ರೂ. ದಾಟಿತು. ರೂಪಾಯಿ ಕುಸಿದಂತೆ ಅದೇ ಕಂತಿಗೆ ಕಡಿಮೆ ಡಾಲರು ಸಾಕಾಗುತ್ತದೆಯಾದ್ದರಿಂದ ನಿಧಾನಿಸುವುದರಲ್ಲಿ ಸ್ವಲ್ಪ ಅನುಕೂಲವಿದೆ. ಆದರೆ ವಿದೇಶದ ಸಾಲಗಳು ದೊಡ್ಡವು, ಬಹುಪಾಲು ಮನೆಯ ಆಧಾರದ ಮೇಲೆ ಪಡೆದವು, ಮತ್ತು ದುಡಿಮೆ ವೀಸಾದ ಮೇಲೆ ನಿಂತಿರುತ್ತದೆ. ಅಮೆರಿಕದಲ್ಲಿ ಎಚ್-1ಬಿ ವೀಸಾದವರು ಕೆಲಸ ಕಳೆದುಕೊಂಡರೆ ಹೊಸ ಕೆಲಸ ಹುಡುಕಲು ದೊರೆಯುವುದು ಹೆಚ್ಚೆಂದರೆ 60 ದಿನ. ಊರಿಗೆ ಮರಳಿ ರೂಪಾಯಿ ಸಂಬಳದಲ್ಲಿ ಅದೇ ಕಂತು ಕಟ್ಟಬೇಕಾಗಿ ಬಂದರೆ ಸಾಲದ ಭಾರ ಹಲವು ಪಟ್ಟು ಹೆಚ್ಚಾದಂತೆ. ಡಾಲರು ಸಂಬಳದ ವರ್ಷಗಳಲ್ಲಿ ಆಪತ್ತಿನ ನಿಧಿಯನ್ನು ಕೂಡಿಸಿಟ್ಟು, ಉಳಿದದ್ದನ್ನು ಸಾಲಕ್ಕೆ ಹಾಕುವುದೇ ಹೆಚ್ಚು ಸುರಕ್ಷಿತ.

ಬ್ರಿಟನ್ನಿನಲ್ಲಿ ನೆಲೆಸಿ, ಅಲ್ಲಿಯೇ ಬೆಳೆದ ಮಕ್ಕಳಿಗೆ ಸರ್ಕಾರಿ ವಿದ್ಯಾರ್ಥಿ ಸಾಲ ಪಡೆದ ಕುಟುಂಬಗಳು ಭಾರತದ ರೂಢಿಯಂತೆ ಅದನ್ನು ಬೇಗ ತೀರಿಸಲು ಹೊರಡುವುದುಂಟು. ಆ ಸಾಲದ ಸ್ವಭಾವ ಬೇರೆ. ಆದಾಯ ನಿಗದಿತ ಮಿತಿ ದಾಟಿದರೆ ಮಾತ್ರ, ದಾಟಿದ ಭಾಗದ ಶೇ. 9ರಷ್ಟನ್ನು ಕಟ್ಟಬೇಕು. ಉಳಿದ ಬಾಕಿ, 2012ರಿಂದ 2023ರ ಜುಲೈವರೆಗೆ ಇಂಗ್ಲೆಂಡಿನಲ್ಲಿ ಪದವಿಗೆ ಸೇರಿದವರಿಗೆ 30 ವರ್ಷಗಳಲ್ಲಿ, ಅನಂತರ ಸೇರಿದವರಿಗೆ 40 ವರ್ಷಗಳಲ್ಲಿ ರದ್ದಾಗುತ್ತದೆ. ಎಂದೋ ರದ್ದಾಗಬಹುದಾದ ಸಾಲವನ್ನು ಮುಂಚಿತವಾಗಿ ತೀರಿಸುವುದು, ಮುಂದೆ ದೊಡ್ಡ ಸಂಬಳ ಬರುವುದು ಖಚಿತವಿರುವವರಿಗೆ ಮಾತ್ರ ಹೊಂದುತ್ತದೆ.

ತೀರಿಸುವ ಕ್ರಮ

ಭಾಗಶಃ ಕಟ್ಟುವಾಗ ಹೆಚ್ಚುವರಿ ಮೊತ್ತವನ್ನು ಅಸಲಿಗೆ ಜಮಾ ಮಾಡಬೇಕೆಂದೂ, ಮುಂದಿನ ಕಂತುಗಳ ಮುಂಗಡವಾಗಿ ಇರಿಸಿಕೊಳ್ಳಬಾರದೆಂದೂ ಶಾಖೆಗೆ ಬರೆದು ಕೊಟ್ಟು, ಹೊಸ ಕಂತಿನ ಪಟ್ಟಿಯನ್ನು ಪಡೆಯಬೇಕು. ಬರಿದೆ ಖಾತೆಗೆ ಹಣ ಹಾಕಿ ಸುಮ್ಮನಾದವರ ಮೊತ್ತ ಮುಂಗಡವೆಂದೇ ಕುಳಿತಿರುವುದುಂಟು. ಪೂರ್ಣವಾಗಿ ತೀರಿಸುವವರು ನಿರ್ದಿಷ್ಟ ದಿನಕ್ಕೆ ಅನ್ವಯಿಸುವ ಬಾಕಿಯ ವಿವರವನ್ನು ಲಿಖಿತವಾಗಿ ಕೇಳಿ, ಆ ದಿನದೊಳಗೇ ಕಟ್ಟಬೇಕು. ಒಂದೆರಡು ದಿನ ತಡವಾದರೂ ನೂರಿನ್ನೂರು ರೂಪಾಯಿ ಬಡ್ಡಿ ಉಳಿದು ಖಾತೆ ಮುಚ್ಚದೆ ಹೋಗಬಹುದು. ಖಾತೆ ಮುಚ್ಚಿದ ಮೇಲೆ ಬಾಕಿಯಿಲ್ಲವೆಂಬ ಪ್ರಮಾಣಪತ್ರ ಪಡೆದು, ಕಂತನ್ನು ತಾನಾಗಿ ಕಡಿತಗೊಳಿಸುವ ಬ್ಯಾಂಕು ಆದೇಶವನ್ನು ರದ್ದುಪಡಿಸಬೇಕು. ಸಾಲದ ಜೊತೆಗೆ ಜೀವವಿಮೆ ಮಾಡಿಸಿದ್ದರೆ ಉಳಿದ ಅವಧಿಯ ವಿಮೆ ಏನಾಗುತ್ತದೆ ಎಂಬುದನ್ನು ವಿಚಾರಿಸಬೇಕು.

ಪೂರ್ಣ ಮರುಪಾವತಿಗೂ ‘ಸೆಟಲ್‌ಮೆಂಟ್’ ಎಂದು ಕರೆಯುವ ರಾಜಿ ತೀರುವಳಿಗೂ ವ್ಯತ್ಯಾಸವಿದೆ. ಸುಸ್ತಿಯಾದ ಸಾಲದಲ್ಲಿ ಬ್ಯಾಂಕು ಒಂದಿಷ್ಟು ಬಿಟ್ಟುಕೊಟ್ಟು ಮುಗಿಸುವುದು ರಾಜಿ. ಅದು ಸಿಬಿಲ್ ಮೊದಲಾದ ಸಂಸ್ಥೆಗಳ ವರದಿಯಲ್ಲಿ ಹಾಗೆಯೇ ದಾಖಲಾಗಿ, ಮುಂದೆ ಗೃಹಸಾಲಕ್ಕೆ ಅಡ್ಡಿಯಾಗಬಹುದು. ಪೂರ್ಣವಾಗಿ ತೀರಿಸಿದ್ದು ‘ಮುಚ್ಚಿದ ಖಾತೆ’ ಎಂದು ದಾಖಲಾಗಬೇಕು. ಒಂದೆರಡು ತಿಂಗಳ ಅನಂತರ ವರದಿ ತರಿಸಿ, ಸಹ-ಸಾಲಗಾರರ ವರದಿಯನ್ನೂ ಸೇರಿಸಿ ಪರಿಶೀಲಿಸುವುದು ಒಳ್ಳೆಯದು.

ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ 13ರ ನಿರ್ದೇಶನದಂತೆ, ಸಾಲ ಪೂರ್ಣವಾಗಿ ತೀರಿದ 30 ದಿನಗಳೊಳಗೆ ಆಸ್ತಿಯ ಮೂಲಪತ್ರಗಳನ್ನು ಹಿಂದಿರುಗಿಸಿ, ನೋಂದಾಯಿತ ಋಣಭಾರವನ್ನು ತೆಗೆಸಬೇಕಾದದ್ದು ಸಾಲ ಕೊಟ್ಟ ಸಂಸ್ಥೆಯ ಹೊಣೆ. ಅದರ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂ.ನಂತೆ ಪರಿಹಾರ ಕೊಡಬೇಕು. ಕರ್ನಾಟಕದಲ್ಲಿ ಜಮೀನನ್ನು ಆಧಾರವಾಗಿ ಕೊಟ್ಟವರು ಇದರ ಜೊತೆಗೆ ಉಪನೋಂದಣಾಧಿಕಾರಿ ಕಚೇರಿಯ ಇ.ಸಿ.ಯಲ್ಲಿಯೂ ಪಹಣಿಯ ಋಣದ ಕಾಲಂನಲ್ಲಿಯೂ ಬ್ಯಾಂಕಿನ ಹೆಸರು ಹೋಗಿದೆಯೇ ಎಂದು ನೋಡಿಕೊಳ್ಳಬೇಕು. ಸಾಲ ತೀರಿ ವರ್ಷಗಳಾದರೂ ಪಹಣಿಯಲ್ಲಿ ಹೆಸರು ಉಳಿದು, ಜಮೀನು ಭಾಗವಾಗುವಾಗಲೋ ಮಾರಾಟದ ವೇಳೆಗೋ ಅದು ಬೆಳಕಿಗೆ ಬರುವುದು ಸಾಮಾನ್ಯ.